ಮಂಡಳಿಯ ಮುಂದೆ ಗಾಳಿಪಟದ ಸುತ್ತಳತೆ

ಗಾಳಿಪಟ ಕೆಂಪಗಿತ್ತು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ನಾನೇ ಕತ್ತರಿಸಿದ್ದು, ಬಿಳಿಯೇ ಇದ್ದಿರಬೇಕು. ಮಾತುಗಳು ಮಾತ್ರ ಸರಿಯಾಗಿ ನೆನಪಿವೆ, ಅಥವಾ ಹಾಗೆ ನಂಬಿದ್ದೇನೆ.

ಆಗ ಮರಾಠಿ ನಾಡಿನ ಠಾಣೆ ನಗರದಲ್ಲಿ, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ತಾತ್ಕಾಲಿಕ ಗಣಿತ ಶಿಕ್ಷಕಿ. ಎಂ.ಎಸ್ಸಿ. ಆಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಸಂಕ್ರಾಂತಿಯ ವಾರ ಆಡಳಿತ ಮಂಡಳಿಯವರು ನನ್ನ ಪಾಠ ನೋಡಿ ಅದನ್ನು ತೀರ್ಮಾನಿಸುವುದಿತ್ತು. ಮಂಡಳಿ ಬರುವ ದಿನ ಶಾಲೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಕೇಳಿಸಬಾರದೆಂಬುದು ರೂಢಿ. ಅದಕ್ಕೆ ಹಿಂದಿನ ದಿನವೇ ತಾಲೀಮು. ಮನೆಯಲ್ಲಿ ತುಳುವೋ ಕಲಬುರ್ಗಿಯ ಕನ್ನಡವೋ, ಬೀದಿಯಲ್ಲಿ ಹಿಂದಿ ಮರಾಠಿಯೋ ಆಡುವ ಮಕ್ಕಳು "ಹೌದು ಗುರುಗಳೇ" ಎಂದು ಒಕ್ಕೊರಲಲ್ಲಿ ಹೇಳಲು ಕಲಿತಿದ್ದರು.

ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲಿನ ಯಜಮಾನರು. ಹಿಂದಿನ ಬೆಂಚಿನಲ್ಲಿ ಕುಳಿತರು. ಗಾಳಿಪಟಾಕೃತಿಯ ಸುತ್ತಳತೆ ಶುರುಮಾಡಿದೆ. ಒಬ್ಬೊಬ್ಬರಿಗೂ ಒಂದೊಂದು ಕಾಗದದ ಪಟ ಕೊಟ್ಟಿದ್ದೆ. ಮಕ್ಕಳು ಸ್ಕೇಲ್ ಹಿಡಿದು ನಾಲ್ಕೂ ಬಾಹು ಅಳೆಯತೊಡಗಿದರು. ಸುತ್ತಳತೆ ಎಂದರೆ ಸುತ್ತ ಅಳೆಯುವುದು ತಾನೆ. ಆಗ ಮುಂದಿನ ಸಾಲಿನ ಒಬ್ಬ ಹುಡುಗಿ, ಎಂದೂ ಬಾಯಿಬಿಡದವಳು, ತನ್ನ ಪಟವನ್ನು ನಡುವೆ ಮಡಚಿದಳು. ಅಂಚಿಗೆ ಅಂಚು ಕೂತಿತು. ಎದ್ದು ನಿಂತು ಕೂಗಿಯೇಬಿಟ್ಟಳು:

"ಟೀಚರ್, ಚಾರೋಂ ಕಾಯ್ಕೋ ನಾಪ್ನೇಕಾ? ದೋ ನಾಪೋ, ಡಬಲ್ ಕರೋ!"

ನಾಲ್ಕೂ ಯಾಕೆ ಅಳೆಯಬೇಕು? ಉದ್ದದ್ದೊಂದು, ಗಿಡ್ಡದ್ದೊಂದು ಅಳೆದು ಕೂಡಿಸಿ ದುಪ್ಪಟ್ಟು ಮಾಡಿದರೆ ಮುಗಿಯಿತು. ನಾನು ಹೇಳಿಕೊಡಬೇಕಾದದ್ದನ್ನು ಅವಳೇ ಕಂಡುಕೊಂಡಿದ್ದಳು. "ಶಾಭಾಸ್" ಎಂದೆ. ಜೋರಾಗಿಯೇ ಎಂದೆನೆಂದು ನೆನಪು. ಹಾಗೆ ಅಂದುಕೊಳ್ಳುವುದು ನನಗೆ ಇಷ್ಟವೂ ಇರಬಹುದು.

"ಎಂತ ಟೀಚರೇ, ಇದು ಕನ್ನಡ ಶಾಲೆಯಾ, ಕಳವಾ ರೈಲ್ವೆ ಸ್ಟೇಷನ್ನಾ?" ಎಂದರು ಅಧ್ಯಕ್ಷರು. ಜೊತೆಯವರು ನಕ್ಕರು.

"ಉತ್ತರ ಸರಿಯಿದೆ, ಸರ್."

"ಲೆಕ್ಕ ಯಾರಾದ್ರೂ ಕಲಿಸ್ತಾರೆ ಮಾರಾಯ್ರೆ. ಭಾಷೆ ಉಳಿಸ್ಲಿಕ್ಕೆ ಅಲ್ವಾ ನಾವು ಶಾಲೆ ನಡೆಸುದು?"

ಹುಡುಗಿ ಮಡಚಿದ ಪಟ ಹಿಡಿದುಕೊಂಡೇ ಕುಳಿತಳು. ಅವಳು ಮತ್ತೆ ಎದ್ದು ಉತ್ತರ ಹೇಳಿದ್ದನ್ನು ನಾನಂತೂ ಕಾಣಲಿಲ್ಲ. ಜೂನ್‌ನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರು.

ಆಮೇಲೆ ಸೀವುಡ್ಸ್ ಬಡಾವಣೆಯಲ್ಲಿ ಮನೆಪಾಠ ಹೇಳತೊಡಗಿದೆ. ಕೆಲವು ವರ್ಷಗಳ ನಂತರ ಒಂದು ಸಂಜೆ ಅದೇ ಅಧ್ಯಕ್ಷರು ಮೊಮ್ಮಗಳನ್ನು ಕರೆತಂದರು. ನನ್ನ ಗುರುತು ಹಿಡಿಯಲಿಲ್ಲ, ಹಿಡಿದೂ ಸುಮ್ಮನಿದ್ದರೋ.

"ಇಂಟರ್‌ನ್ಯಾಷನಲ್ ಸ್ಕೂಲು ಮೇಡಂ. ಕನ್ನಡ ಎಲ್ಲ ಬರುದಿಲ್ಲ ಇವಳಿಗೆ. ಹಿಂದಿಯಲ್ಲೋ ಇಂಗ್ಲಿಷಲ್ಲೋ ಹೇಳಿಬಿಡಿ."

ಗಾಳಿಪಟಾಕೃತಿಯ ಪಾಠ ಬಂದಾಗ ಅವಳೂ ನಾಲ್ಕು ಬಾಹುಗಳನ್ನೇ ಅಳೆಯಲು ಹೊರಟಳು. ಅಜ್ಜ ಪಕ್ಕದ ಕುರ್ಚಿಯಲ್ಲಿದ್ದರು. ನಾನು ಹಾಳೆ ಮಡಚಿ ತೋರಿಸಿ, ಆ ಹುಡುಗಿಯ ಮಾತನ್ನೇ ಅಕ್ಷರ ಬಿಡದೆ ಹೇಳಿದೆ: "ದೋ ನಾಪೋ, ಡಬಲ್ ಕರೋ."

"ಗುಡ್, ಗುಡ್" ಎಂದರು ಅಜ್ಜ, ಫೋನಿನಿಂದ ತಲೆಯೆತ್ತದೆ.