ಹೂವಿನ ಮನೆಗೆ ಬರಿಗಾಲು

ಬಜಪೆಯ ಮನೆಯ ಹಿಂದೆ ಮಾಮಿ ಆಂಥೂರಿಯಂ ಹೂ ಬೆಳೆಯುತ್ತಿದ್ದ ಹಸಿರುಮನೆಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವಂತಿರಲಿಲ್ಲ. ಆ ನಿಯಮ ಮಾಡಿದವಳು ನಾನು.

ಮಾಮಿ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವ ಗಲ್ಫಿನಿಂದ ಹಿಂತಿರುಗಿ ಕಟ್ಟಿಸಿದ ಹಸಿರುಮನೆ ಅದು. ಒಳಗಿನ ಕೆಲಸವೆಲ್ಲ ಮಾಮಿಯದು. ಹೂಗಳು ಕಂಕನಾಡಿಯ ಮಂಟಪ ಅಲಂಕಾರದವರಿಗೆ ಹೋಗುತ್ತಿದ್ದವು. ಕಳೆದ ವರ್ಷ ಬುಡದಲ್ಲಿ ನೀರಿದ್ದರೂ ಗಿಡಗಳು ಬಾಡತೊಡಗಿದವು. ಒಂದನ್ನು ಕಿತ್ತು ನೋಡಿದೆ. ಬೇರಿನ ತುಂಬ ಗಂಟುಗಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದರಿಂದ ಅದು ಬೇರುಗಂಟು ಹುಳುವಿನ ಕೆಲಸವೆಂದು ಗೊತ್ತಾಯಿತು. ಕಣ್ಣಿಗೆ ಕಾಣದ ಹುಳು, ಮಣ್ಣಿನೊಂದಿಗೆ ಸಾಗುತ್ತದೆ. ತೋಟದ ಮಣ್ಣು ಚಪ್ಪಲಿಗೆ ಅಂಟಿಕೊಂಡು ಒಳಗೆ ಬರಬಾರದು ಎಂದೆ.

"ಎಂತ, ಇದು ದೇವರ ಕೋಣೆಯಾ?" ಎಂದು ಮಾವ ನಕ್ಕರು.

"ನಿಮಗಿಂತ ಹೆಚ್ಚು ಓದಿದ್ದಾಳೆ ಅವಳು. ಸುಮ್ಮನೆ ಕಾಲು ತೊಳೀರಿ," ಎಂದರು ಮಾಮಿ.

ಬಾಗಿಲ ಬಳಿ ಒಂದು ಬಕೆಟ್ ನೀರು ಇಟ್ಟೆವು. ಎಲ್ಲರೂ ಕಾಲು ತೊಳೆದೇ ಒಳಗೆ ಹೋಗತೊಡಗಿದರು. ಆದರೂ ಹುಳು ಹಬ್ಬುತ್ತಲೇ ಹೋಯಿತು. ಕೊನೆಗೆ ಮಾವ ಅಂಗಡಿಯಿಂದ ಕೆಂಪು ಗುರುತಿನ ಡಬ್ಬಿ ತಂದರು. ನೀರಿಗೆ ಬೆರೆಸಿ ಬುಡಕ್ಕೆ ಸುರಿಯಬೇಕಾದ ವಿಷ.

ಮಾಮಿಯ ಕೈಗೆ ಗ್ಲೌಸ್ ಹಾಕಿಸಿದೆ, ಮುಖಕ್ಕೆ ಮಾಸ್ಕ್ ಕಟ್ಟಿದೆ. ಅವರು ಚಪ್ಪಲಿ ಕಳಚಿ, ಕಾಲು ತೊಳೆದು ಒಳಗೆ ಹೋದರು. ನಾನದನ್ನು ನೋಡುತ್ತ ನಿಂತಿದ್ದೆ. ನನ್ನ ತಲೆಯಲ್ಲಿ ಹುಳು ಮಾತ್ರ ಇತ್ತು. ನಾನು ಹೊರಗೆ ಬೆರೆಸಿ ಕೊಡುತ್ತಿದ್ದೆ. ಅವರು ಸಾಲು ಸಾಲಾಗಿ ಸುರಿಯುತ್ತ, ಸುರಿದ ಜಾಗದಲ್ಲೇ ನಡೆಯುತ್ತಿದ್ದರು. ಅವರ ಹಿಮ್ಮಡಿ ಯಾವಾಗಲೂ ಒಡೆದಿರುತ್ತಿತ್ತು.

ಒಂದು ಗಂಟೆಯ ಮೇಲೆ ಹೊರಗೆ ಬಂದು ಮಾಸ್ಕ್ ಕೆಳಗೆಳೆದು ಉಗುಳಿದರು.

"ಬಾಯಲ್ಲಿ ನೀರು ತುಂಬ್ತಾ ಉಂಟು ಮಗಾ."

"ಒಳಗೆ ಸೆಕೆ ಅಲ್ವಾ ಮಾಮಿ," ಎಂದು ಲಿಂಬೆ ಶರಬತ್ತು ಮಾಡಿ ಕೊಟ್ಟೆ. ಫ್ಯಾನಿನ ಕೆಳಗೆ ಕೂರಿಸಿದೆ. ಶರಬತ್ತು ವಾಂತಿಯಾಯಿತು. ಮೈ ಬೆವರಿನಿಂದ ತೊಯ್ದಿತು, ತೊಡೆಯ ಸ್ನಾಯುಗಳು ತಾವಾಗಿಯೇ ಅದುರತೊಡಗಿದವು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಇದು ಸೆಕೆಯಲ್ಲ, ವಿಷ ಎಂದು ಆಗಷ್ಟೇ ನನಗೆ ಅರ್ಥವಾದದ್ದು.

ಕಾರಿನ ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದು ಕುಳಿತೆ. ಪಂಪ್‌ವೆಲ್ ವೃತ್ತದಲ್ಲಿ ಬಸ್ಸುಗಳ ನಡುವೆ ಸಿಕ್ಕಿಬಿದ್ದೆವು. ಮಾವ ಹಾರ್ನ್ ಒತ್ತಿ ಹಿಡಿದು, "ಎಂತ ಮಾಡುದು, ಎಂತ ಮಾಡುದು" ಎನ್ನುತ್ತಲೇ ಇದ್ದರು. ಮಾಮಿಯ ಉಸಿರಿನಲ್ಲಿ ಗುಳುಗುಳು ಶಬ್ದ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಮಾತು, "ಕುಡಿದದ್ದಾ?"

"ಇಲ್ಲ ಡಾಕ್ಟ್ರೇ, ಗಿಡಕ್ಕೆ ಹಾಕ್ತಾ ಇದ್ದಳು," ಎಂದರು ಮಾವ.

"ಎಲ್ಲರೂ ಹಾಗೇ ಹೇಳುದು. ಮನೆಯಲ್ಲಿ ಗಲಾಟೆ ಎಂತಾದ್ರೂ ಆಗಿತ್ತಾ?"

ಅಷ್ಟರಲ್ಲಿ ನರ್ಸ್ ಬಗ್ಗಿ ಮಾಮಿಯ ಪಾದ ನೋಡಿದರು. ಬೆರಳ ಸಂದಿಯಲ್ಲಿ ವಿಷದ ಬಿಳಿ ಕಲೆ ಒಣಗಿ ನಿಂತಿತ್ತು. "ಕಾಲು ತೊಳೀಲೇ ಇಲ್ವಾ ನೀವು?" ಎಂದವರೇ ಸೋಪು ಹಚ್ಚಿ ಉಜ್ಜತೊಡಗಿದರು.

ತೊಳೆದಿರಲಿಲ್ಲ. ಗಿಡಕ್ಕಾಗಿ ಒಳಗೆ ಹೋಗುವಾಗ ತೊಳೆಯುವುದಷ್ಟೇ ನಮ್ಮ ಅಭ್ಯಾಸ. ಬಕೆಟ್ ಎರಡೇ ಹೆಜ್ಜೆ ದೂರದಲ್ಲಿತ್ತು. ಶರಬತ್ತು ಕಲಸಿದ ಹೊತ್ತಿನಲ್ಲಿ ನಾಲ್ಕು ಸಲ ತೊಳೆಯಬಹುದಿತ್ತು. ಇಂದಿಗೂ ಆ ಹೊತ್ತನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ.

ಆರು ದಿನ ಯಂತ್ರವೇ ಅವರಿಗಾಗಿ ಉಸಿರಾಡಿತು. ಗಂಟಲಿನ ನಳಿಗೆ ತೆಗೆದ ಮರುದಿನ, ವಿಷದ ಕೇಸಾದ್ದರಿಂದ, ಪೊಲೀಸರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ.

"ಅಂಥ ಔಷಧಿಯಲ್ಲಿ ಬರಿಗಾಲಲ್ಲಿ ನಡೀಲಿಕ್ಕೆ ನಿಮಗೆ ಯಾರು ಹೇಳಿದ್ದಮ್ಮ?"

ಮಾಮಿ ನನ್ನ ಕಡೆ ನೋಡಲಿಲ್ಲ. ಗಂಟಲು ಒಡೆದ ದನಿಯಲ್ಲಿ, "ಯಾರೂ ಹೇಳ್ಲಿಲ್ಲ. ನನ್ನದೇ ಬುದ್ಧಿ," ಎಂದರು.

ಪೊಲೀಸರು ಬರೆದುಕೊಂಡರು. ಬರೆದು ಮುಗಿಯುವವರೆಗೂ ನಾನು ಬಾಯಿ ತೆರೆಯಲಿಲ್ಲ.