ಎರಡು ಬೆರಳಿನ ಜಾಗ

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಬ್ಬರು ಕೂರುವ ಬಸ್ಸಿನ ಸೀಟಿಗೆ ಮೂರನೆಯವನನ್ನು ಕರೆದು ಕೂರಿಸುತ್ತೇನೆ. ಸಂತೆಚೀಲದಲ್ಲಿ ಒಂದು ಮೂಲೆ ಉಳಿದರೆ ಅಲ್ಲಿಗೊಂದು ಉಳ್ಳಾಗಡ್ಡಿ ತುರುಕುತ್ತೇನೆ. ಈ ಚಟ ಹತ್ತಿದ್ದು ಹುಬ್ಬಳ್ಳಿಯ ಬೇಕರಿಯಲ್ಲಿ. ನಾಲ್ಕನೇ ಇಯತ್ತೆಗೇ ಶಾಲೆಗೆ ಕೈಮುಗಿದು ಬಂದವನು ನಲವತ್ತು ವರ್ಷ ಭಟ್ಟಿಯ ಮುಂದೆ ನಿಂತೆ. ಅಲ್ಲಿ ಟ್ರೇನಲ್ಲಿ ಒಂದು ಪಾವು ಬ್ರೆಡ್ಡಿನಷ್ಟು ಜಾಗ ಬಿಟ್ಟರೂ ಮಾಲೀಕರು, "ಯಾಕಪಾ, ಇಲ್ಲೆ ನಿಮ್ಮ ಬೀಗರು ಬಂದು ಕೂಡಾವರದಾರೇನು?" ಎಂದು ಕೇಳುತ್ತಿದ್ದರು.

ಈಗ ಡಚ್ಚರ ದೇಶದ ಟಿಲ್‌ಬರ್ಗ್‌ನಲ್ಲಿರುವ ಮಗನ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದೇನೆ. ಇಲ್ಲಿ ನನ್ನ ಮೊಮ್ಮಗಳು ಎಸ್ತರ್ ಇದ್ದಾಳೆ, ಏಳು ವರ್ಷ. ಅವಳ ವಿಷಯ ಬರೆಯಲು ಕೂತರೆ ನಾನು ಹೇಳಹೊರಟ ಖೀಮಾ ಉಂಡೆಯ ವಿಷಯಕ್ಕೆ ಹಾಳೆ ಉಳಿಯುವುದಿಲ್ಲ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಅವಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ನನಗೂ ಬಿದ್ದಿವೆ. ಅವಳವು ಮತ್ತೆ ಬರುತ್ತವೆ ಎನ್ನುವುದೊಂದೇ ನಮ್ಮಿಬ್ಬರಿಗೂ ಇರುವ ಫರಕು. ಮೊನ್ನೆ ಅವಳು ಕೈಬಿಟ್ಟು ಸೈಕಲ್ ಹೊಡೆದದ್ದಕ್ಕೆ ನಾನು ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಎದುರುಮನೆಯವರೂ ಕಿಟಕಿಯಿಂದಲೇ ತಟ್ಟಿದರು, ಏಕೆಂದು ತಿಳಿಯದೆ.

ಒಂದು ದಿನ ಅವಳು ತನ್ನ ಗೆಳತಿ ಸಾನ್ನೆಯ ಮನೆಗೆ ಊಟಕ್ಕೆ ಹೋಗಿದ್ದಳು. ಡಚ್ಚರ ಮನೆ. ಬೀಫ್ ಖೀಮಾದ ದೊಡ್ಡ ದೊಡ್ಡ ಉಂಡೆ, ತಲೆಗೊಂದು. ನಮ್ಮ ಹುಡುಗಿಗೆ ಇನ್ನೊಂದು ಬೇಕಿತ್ತು, ಆದರೆ ಪಾತ್ರೆಯಲ್ಲಿ ಇನ್ನೊಂದು ಇರಲಿಲ್ಲ. ಮನೆಗೆ ಬಂದವಳೇ ನನ್ನ ಮುಂದೆ ನಿಂತಳು.

"ಅಜ್ಜಾ, ಫ್ರೈಡೇ ಸಾನ್ನೆ ನಮ್ಮನಿಗೆ ಬರ್ತಾಳ. ನೀ ಮೀಟ್‌ಬಾಲ್ಸ್ ಮಾಡ್ತಿ. ಓವನ್‌ದಾಗ. ಎಷ್ಟ್ ಬೇಕಾದ್ರೂ ತಿನ್ನಬಹುದು ಅಂತ ಹೇಳೀನಿ. ನಮ್ಮಜ್ಜಂದು ದೊಡ್ಡ ಬೇಕರಿ ಅದ ಅಂತನೂ ಹೇಳೀನಿ."

ಬೇಕರಿ ಮಾಲೀಕರದು, ಅಲ್ಲಿ ನನ್ನದೆಂದರೆ ಬೆವರು ಮಾತ್ರ. ಇದನ್ನು ಹೇಳಬೇಕಿತ್ತು. ಅದರ ಬದಲು ಬಾಯಿಂದ ಬಂದದ್ದು, "ಎಷ್ಟು ದೊಡ್ಡದಂತ ಹೇಳೀದಿ?"

"ನಮ್ಮ ಸ್ಕೂಲ್‌ನಷ್ಟು."

ಆ ಶಾಲೆಯನ್ನು ನಾನು ನೋಡಿದ್ದೇನೆ. ಮೂರು ಅಂತಸ್ತು.

"ಚಲೋ ಆಗಲಿಲ್ಲಂದ್ರ ನಾ ಸುಳ್ಳ ಹೇಳಿದಂಗ ಆಗ್ತದ ಅಜ್ಜಾ," ಎಂದು ಮೆಲ್ಲಗೆ ಸೇರಿಸಿದಳು. ಆ ಮಾತಿಗಿಂತ ಮೂರು ಅಂತಸ್ತೇ ಹಗುರವಾಗಿತ್ತು.

ಶುಕ್ರವಾರ ಬಂತು. ಸೊಸೆ ರೂತ್ ಖೀಮಾ ತಂದಿಟ್ಟಳು. ಎಸ್ತರ್ ಫೋನು ಹಿಡಿದು ಡಚ್ಚಿನಲ್ಲಿದ್ದ ಅಡುಗೆಯ ವಿಧಾನವನ್ನು ನನಗಾಗಿ ಕನ್ನಡದಲ್ಲಿ ಓದಿ ಹೇಳಿದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ತತ್ತಿ, ಉಳ್ಳಾಗಡ್ಡಿ, ಉಪ್ಪು ಹಾಕಿ ನಾದಿದೆ. ಊರಲ್ಲಿ ಚರ್ಚಿನಿಂದ ಬಂದ ಭಾನುವಾರಗಳಂದು ನನ್ನ ಹೆಂಡತಿ ಇದೇ ಉಂಡೆಯನ್ನು ಸಾರಿನಲ್ಲಿ ಬಿಡುತ್ತಿದ್ದಳು. ಅವಳ ನೆನಪಿಗೆ ಒಂದು ಹಸಿಮೆಣಸಿನಕಾಯಿ ಹಾಕಲು ಹೋದೆ. ಮೊಮ್ಮಗಳು ತೆಗೆಸಿದಳು.

"ಒಂದರಿಂದ ಒಂದಕ್ಕ ಎರಡು ಬೆರಳು ಜಾಗ ಬಿಡಬೇಕಂತ ಅಜ್ಜಾ."

"ಅದು ಹೊಸದಾಗಿ ಕಲಿಯೋರಿಗೆ ಬರದದ್ದವ್ವಾ," ಎಂದೆ. ಈ ಮಾತು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಐದು ಸಾಲು, ಸಾಲಿಗೆ ಏಳು. ಪಾವು ಜೋಡಿಸಿದ ಹಾಗೆ ಹೆಗಲಿಗೆ ಹೆಗಲು ಕೊಟ್ಟು ಕೂರಿಸಿ, ಮೇಲೆ ತತ್ತಿಯನ್ನೂ ಸವರಿದೆ. ಆಮೇಲೆ ಓವನ್ನಿನ ಬಾಗಿಲು ತೆಗೆದು, ಒಳಗೆ ಕೈ ಹಿಡಿದು ಎಣಿಸತೊಡಗಿದೆ. ನಮ್ಮಲ್ಲಿ ಭಟ್ಟಿಯ ಶಾಖ ಅಳೆಯುವುದು ಹಾಗೆಯೇ. ಐದಕ್ಕೆ ಕೈ ಹಿಂದೆ ಬಂದರೆ ಪಾವಿಗೆ ಸರಿ, ಹತ್ತರವರೆಗೂ ತಡೆದರೆ ಟೋಸ್ಟಿಗೆ.

"ಮಾವಾರ, ಮೊದಲ ಕೈ ತಗೀರಿ!" ರೂತ್ ಕೂಗಿದಳು. "ನೂರಾ ಎಂಬತ್ತು ಅಂತ ಅಲ್ಲೇ ಬರದದಲ್ರೀ!"

ಬರೆದಿತ್ತು. ನಲವತ್ತು ವರ್ಷ ನಾನು ರೋಮ ಸುಟ್ಟುಕೊಂಡು ತಿಳಿದದ್ದನ್ನು ಈ ಪೆಟ್ಟಿಗೆ ಕೆಂಪು ಅಂಕಿಯಲ್ಲಿ ತಣ್ಣಗೆ ಬರೆದುಕೊಂಡು ಕೂತಿತ್ತು.

ಸಾನ್ನೆ ಬಂದಳು. ಇಲ್ಲಿಯವರಿಗೆ ಆರು ಗಂಟೆ ಎಂದರೆ ಊಟ. ಆರಕ್ಕೆ ಸರಿಯಾಗಿ ಟ್ರೇ ಹೊರಗೆಳೆದೆ. ಮೂವತ್ತೈದು ಉಂಡೆಗಳು ಹೋಗಿ ಒಂದೇ ಹಲಗೆಯಾಗಿತ್ತು. ಮೇಲಷ್ಟೇ ಕೆಂಪು, ಸಂದುಗಳೆಲ್ಲ ಬಿಳಚು. ರೂತ್ ನಡುವೆ ಚಾಕು ಚುಚ್ಚಿ ನೋಡಿ, "ಒಳಗ ಬೆಂದದ, ಹೆದರಬ್ಯಾಡ್ರಿ," ಎಂದಳು. ನನ್ನ ಹೆದರಿಕೆ ಟ್ರೇ ಕಡೆಗಿರಲಿಲ್ಲ. ಎಸ್ತರಳ ಕೆಳತುಟಿ ನಡುಗುತ್ತಿತ್ತು.

ಸಾನ್ನೆ ಏನೋ ಕೇಳಿದಳು.

"ಏನಂತಾಳವ್ವಾ?"

"ಇದರಾಗ ತನ್ನ ಬಾಲ್ ಯಾವ್ದು ಅಂತ." ದನಿ ನೆಲ ಹಿಡಿದಿತ್ತು.

ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಗಿರಾಕಿಗೆ ಪಾವಿನ ಸಾಲು ಹರಿದು ಕೊಡುವಂತೆ ಏಳು ಉಂಡೆಗಳ ಒಂದು ಸಾಲು ಹರಿದು, ಹಬೆಯಾಡುತ್ತಿದ್ದ ಹಾಗೆಯೇ ಅವಳ ತಟ್ಟೆಗೆ ಹಾಕಿದೆ. ಹುಡುಗಿ ಸಾಲನ್ನು ನೋಡಿದಳು, ತನ್ನ ಫೋರ್ಕು ನೋಡಿದಳು. ಫೋರ್ಕು ಕೆಳಗಿಟ್ಟು ಬೆರಳಿನಿಂದ ಒಂದನ್ನು ಕಿತ್ತು, ಹರಿದ ಪಕ್ಕದಿಂದಲೇ ಕಚ್ಚಿದಳು.

"ಲೆಕ್ಕರ್!"

ಡಚ್ಚಿನಲ್ಲಿ ನನಗೆ ಬರುವ ನಾಲ್ಕು ಶಬ್ದಗಳಲ್ಲಿ ಅದೊಂದು. ರುಚಿಯಾಗಿದೆ ಎಂದು. ಆಮೇಲೆ ಇಬ್ಬರೂ ಕಿತ್ತದ್ದೇ ಕಿತ್ತದ್ದು. ಸಾನ್ನೆ ತುಂಬಿದ ಬಾಯಲ್ಲಿ ಇನ್ನೇನೋ ಹೇಳಿದಳು. ಎಸ್ತರ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಕನ್ನಡಕ್ಕೆ ತಂದಳು: "ಇಷ್ಟ್ ದೊಡ್ಡ ಬಾಲ್ ಮಾಡ್ತಾರಂದ್ರ ಬೇಕರಿ ಸ್ಕೂಲ್‌ಗಿಂತ ದೊಡ್ಡದ ಇರಬೇಕು ಅಂತಾಳ."

ನೀರು ಕುಡಿಯುವ ನೆಪದಲ್ಲಿ ನಾನು ಗೋಡೆಯ ಕಡೆ ತಿರುಗಿದೆ. ಸಂತೋಷಕ್ಕೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಪಾವಿನಲ್ಲೂ ಹಾಗೆಯೇ ನೋಡಿ. ಮೇಲಿನ ಕೆಂಪು ಹೊಳಪು ಗಿರಾಕಿಯ ಕಣ್ಣಿಗೆ. ಮೆತ್ತಗಿರುವುದು ಪಕ್ಕದ ಪಾವಿಗೆ ಒರಗಿ ಬೆಂದ ಜಾಗ. ಇಷ್ಟು ವರ್ಷ ಹರಿದು ಹರಿದು ಕೊಟ್ಟೆ, ಒಮ್ಮೆಯೂ ಇದನ್ನು ಯೋಚಿಸಿರಲಿಲ್ಲ.

ಮಾನ ಉಳಿಸಿಕೊಳ್ಳಲು ಮುಂದಿನ ಶುಕ್ರವಾರ ನಾನು ಕಾಯಿದೆಯಂತೆ ನಡೆದೆ. ಎಸ್ತರಳ ಬೆರಳಿನಿಂದಲೇ ಅಳತೆ ಮಾಡಿ ಜಾಗ ಬಿಟ್ಟೆ. ಒಂದೊಂದೂ ಗುಂಡಗೆ, ಸುತ್ತಲೂ ಕೆಂಪಗೆ, ಫೋಟೋ ತೆಗೆಯುವ ಹಾಗೆ ಬಂದವು. ಹುಡುಗಿಯರಿಬ್ಬರೂ ಟ್ರೇ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಇವತ್ತ ಏನಾತು ಅಜ್ಜಾ? ಆರಾಮಿಲ್ಲೇನು?" ಎಂದಳು ಎಸ್ತರ್.

ಈಗ ಮತ್ತೆ ಸಂದು ಬಿಡದೆ ಟ್ರೇ ತುಂಬತೊಡಗಿದ್ದೇನೆ. ಇನ್ನು ಹದಿನೆಂಟು ದಿನಕ್ಕೆ ನನ್ನ ವಿಮಾನ. ಸಂಜೆ ಎಸ್ತರ್ ಸೋಫಾದಲ್ಲಿ ಕೂತು ಓದುವಾಗ ಪಕ್ಕದಲ್ಲಿ ನಾನೂ ಕೂರುತ್ತೇನೆ.

"ಮಾವಾರ, ಇಷ್ಟು ದೊಡ್ಡ ಸೋಫಾ ಅದ, ಸ್ವಲ್ಪ ಸರದು ಕೂಡ್ರಿ," ಎನ್ನುತ್ತಾಳೆ ರೂತ್.

ನೋಡುತ್ತೇನೆ. ಎಸ್ತರಳಿಗೂ ನನಗೂ ನಡುವೆ ಎರಡು ಬೆರಳು ಜಾಗವಿದೆ. ಸರಿಯುತ್ತೇನೆ, ಅತ್ತ ಅಲ್ಲ, ಅವಳತ್ತ.