ಗ್ರೈಂಡರ್ ಬಂತು, ಮಣೆ ಬರಲಿಲ್ಲ

ಹೋದ ತಿಂಗಳು ಒಂದು ಭಾನುವಾರ ನಮ್ಮತ್ತಿಗೆ ನನಗೂ ಅಣ್ಣನಿಗೂ ಒಂದು ಪರೀಕ್ಷೆ ಇಟ್ಟರು. ಇಬ್ಬರೂ ಫೇಲಾದೆವು.

ಪ್ರಶ್ನೆ ಸುಲಭದ್ದೇ. "ಅಷ್ಟು ಗ್ಯಾರಂಟಿ ಇದ್ರೆ ಚಪ್ಲಿ ಬಿಟ್ಟು ಬಂದು ಮುಟ್ಟಿ."

ಮುಟ್ಟಬೇಕಾಗಿದ್ದದ್ದು ನಮ್ಮದೇ ಮನೆಯ ಗ್ರೈಂಡರನ್ನು.

ಗುಮ್ಮಳಾಪುರದ ಹತ್ತಿರ ನಮ್ಮ ಮನೆ. ಅಣ್ಣನಿಗೆ ಹೊಲ, ನನಗೆ ಹೊಸೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ. ಸಂಸಾರ ಎರಡು, ಅಡುಗೆಮನೆ ಒಂದು. ಆ ಅಡುಗೆಮನೆಗೆ ದೊಡ್ಡ ಫ್ರಿಜ್ ಬಂತು, ಗ್ರೈಂಡರಿಗೆ ಜಾಗ ಹೋಯಿತು. ಹಿತ್ತಿಲ ಬಾಗಿಲಾಚೆಯ ವರಾಂಡದಲ್ಲಿ ಹಳೆಯ ಪ್ಲಗ್ ಪಾಯಿಂಟ್ ಇತ್ತು. ಮೂರು ತೂತಿನದು. ಗ್ರೈಂಡರ್ ಅಲ್ಲೇ ಇರಲಿ ಅಂದುಕೊಂಡೆವು. ಕಲ್ಲು ಒಂದು ಸಲ, ಡ್ರಮ್ ಒಂದು ಸಲ, ಬಾಡಿ ಒಂದು ಸಲ. ಅಣ್ಣ ತಮ್ಮ ಇಬ್ಬರೂ ಸೇರಿ ಹೊತ್ತೆವು.

"ಆ ಪಾಯಿಂಟಲ್ಲಿ ಅರ್ತ್ ಐತೋ ಇಲ್ವೋ?" ಎಂದು ಅತ್ತಿಗೆ ಆಗಲೇ ಕೇಳಿದ್ದರು.

"ಐತೆ" ಎಂದ ಅಣ್ಣ.

"ಇದೆ" ಎಂದೆ ನಾನು.

ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದೆವು. ತಿರುಗಿತು. ತಿರುಗಿದ ಮೇಲೆ ಇನ್ನೇನು ಬೇಕು?

ಅತ್ತಿಗೆ ಉದ್ದಿನಬೇಳೆ ಹಾಕಿದರು. ನೀರು ಚಿಮುಕಿಸಿದರು. ಅಂಚಿಗೆ ಹತ್ತಿದ ಹಿಟ್ಟನ್ನು ಒದ್ದೆ ಕೈಯಲ್ಲಿ ಒಳಕ್ಕೆ ತಳ್ಳಲು ಹೋದವರು ಹಿಂದಕ್ಕೆ ಹಾರಿ ಗೋಡೆಗೆ ಆತುಕೊಂಡರು. ಮೊಣಕೈವರೆಗೂ ಹಿಡಿದಿತ್ತಂತೆ. ಪುಣ್ಯಕ್ಕೆ ಕೈ ಬಿಟ್ಟುಕೊಂಡಿತ್ತು. ಎಷ್ಟೋ ಹೊತ್ತು ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದರು.

"ಒಳಗಿದ್ದಾಗ ಹಿಂಗೆ ಆಗ್ತಿರ್ಲಿಲ್ವಲ್ಲ?" ಎಂದ ಅಣ್ಣ.

"ಒಳಗೆ ಮಣೆ ಇತ್ತು" ಎಂದರು ಅತ್ತಿಗೆ.

ಹೌದು, ಒಳಗೆ ಗ್ರೈಂಡರಿನ ಮುಂದೆ ನೆಲದ ಮೇಲೆ ಹಲಸಿನ ಹಲಗೆಯ ಒಂದು ಮಣೆ ಇತ್ತು. ರುಬ್ಬುವವರು ಅದರ ಮೇಲೆ ನಿಂತೇ ರುಬ್ಬುತ್ತಿದ್ದರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆ ಒಂದು ಮಣೆಯೋ ಮಡಚಿದ ಗೋಣಿಚೀಲವೋ ಇರುತ್ತದೆ. (ನಿಮ್ಮ ಮನೆಯಲ್ಲೂ ಇರಬಹುದು, ಎದ್ದು ಹೋಗಿ ನೋಡಿ ಬನ್ನಿ, ನಾನು ಕಾಯುತ್ತೇನೆ.) ಅದು ಯಾಕಿದೆ ಎಂದು ನಾನು ಕೇಳಿದವನಲ್ಲ. ಸಿಮೆಂಟ್ ನೆಲದ ಥಂಡಿಗೆ ಇರಬೇಕು ಅಂದುಕೊಂಡಿದ್ದೆ. ಅತ್ತಿಗೆ ಕುಳ್ಳಗಿರುವುದಕ್ಕೆ ಎಂದು ಅಣ್ಣ ನಂಬಿದ್ದ.

"ಎತ್ತರಕ್ಕೂ ಅಲ್ಲ, ಥಂಡಿಗೂ ಅಲ್ಲ. ಮಣೆ ಮೇಲೆ ನಿಂತ್ರೆ ಜುಮ್ ಅನ್ನಲ್ಲ. ನಮ್ಮತ್ತೆ ಹೇಳ್ಕೊಟ್ಟಿದ್ದು."

ಅಂದರೆ ಗ್ರೈಂಡರಿನ ಮೈಗೆ ಕರೆಂಟು ಸೋರುವುದೂ ಅಡುಗೆಮನೆಯ ಪಾಯಿಂಟಿಗೆ ಅರ್ತ್ ಇಲ್ಲದ್ದೂ ಅಮ್ಮನಿಗೆ ಗೊತ್ತಿತ್ತು. ಅಮ್ಮ ಅದನ್ನು ರಿಪೇರಿ ಮಾಡಿಸಲಿಲ್ಲ, ಸೊಸೆಗೆ ಪಾಠ ಮಾಡಿದರು. ನಮ್ಮ ಮನೆಯ ವೈರಿಂಗಿನ ಒಂದು ಭಾಗವನ್ನು ಹಲಸಿನ ಮರದಲ್ಲಿ ಮಾಡಲಾಗಿತ್ತು. ನಾವು ಗ್ರೈಂಡರ್ ಸಾಗಿಸಿದೆವು, ಆ ಭಾಗವನ್ನು ಒಳಗೇ ಬಿಟ್ಟು ಬಂದೆವು.

"ಮತ್ತೆ ನೀವಾದ್ರೂ ಮಣೆ ತರಬಹುದಿತ್ತಲ್ಲ ಅತ್ತಿಗೆ?" ಎಂದೆ.

"ಅರ್ತ್ ಐತೆ ಅಂದ್ರಲ್ಲ ಮೇಷ್ಟ್ರೆ, ನೀವೂ ನಿಮ್ಮಣ್ಣನೂ. ನಂಬ್ದೆ."

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಯಾಕೆಂದರೆ ನನಗೆ ನಿಜವಾಗಿಯೂ ನೆನಪಿತ್ತು. ಮನೆ ಕಟ್ಟಿದ ವರ್ಷ, ಮಧ್ಯಾಹ್ನ, ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ವರಾಂಡದ ಪೈಪಿನಲ್ಲಿ ಹಸಿರು ವೈರು ಸಿಕ್ಕಿಕೊಂಡಿತ್ತು. ನಾನು ಸ್ಟೂಲಿನ ಮೇಲೆ ನಿಂತು ಎಳೆದೆ. ಅಂಗೈ ಕೆಂಪಗಾಗಿತ್ತು. ಹಸಿರು ಎಂದರೆ ಅರ್ತ್.

"ನೀನೆಲ್ಲಿ ಎಳ್ದೆ ಕಣ್ಲಾ?" ಎಂದ ಅಣ್ಣ. "ನಾನ್ ಎಳ್ದಿದ್ದು. ಸ್ಟೂಲ್ ಮೇಲೆ ನಿಂತ್ಕಂಡು. ಕೈಯೆಲ್ಲಾ ಕೆಂಪಗಾಗಿತ್ತು."

ಅದೇ ಸ್ಟೂಲು. ಅದೇ ಕೆಂಪು ಅಂಗೈ.

"ನಾನು ಆವಾಗ ಈ ಮನೆಗೆ ಬಂದಿರ್ಲಿಲ್ಲ" ಎಂದರು ಅತ್ತಿಗೆ. "ಆದ್ರೂ ಕೇಳ್ತೀನಿ, ಒಂದೇ ವೈರ್ನ ಎಷ್ಟು ಜನ ಎಳುದ್ರಿ?"

ಯಾರು ಎಳೆದರೇನು, ಎಳೆದಿದ್ದಂತೂ ನಿಜ ಎಂದು ನಾವಿಬ್ಬರೂ ಒಪ್ಪಂದಕ್ಕೆ ಬಂದೆವು. ಆಗ ಬಂತು ಆ ಚಪ್ಪಲಿಯ ಪ್ರಶ್ನೆ. ಗ್ರೈಂಡರಿನ ಸ್ವಿಚ್ ಹಾಕೇ ಇತ್ತು. ಅಣ್ಣ ತನ್ನ ಚಪ್ಪಲಿ ನೋಡಿಕೊಂಡ. ನಾನು ನನ್ನದು ನೋಡಿಕೊಂಡೆ. ಒಂದು ಕಾಲಿನದನ್ನು ಅರ್ಧ ಬಿಟ್ಟು ಮತ್ತೆ ಮೆಟ್ಟಿಕೊಂಡೆ.

"ನಾನ್ ಮುಟ್ಟೋಕಾದ್ರೆ ಅರ್ತ್ ಐತೆ, ನೀವ್ ಮುಟ್ಟೋಕೆ ಇಲ್ವಾ?" ಎಂದು ಅತ್ತಿಗೆ ಸ್ವಿಚ್ ಆರಿಸಿ ಒಳಗೆ ಹೋದರು. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಸಾವಧಾನವಾಗಿ ಹೇಳಿದರು. ಇನ್ನು ಆ ಗ್ರೈಂಡರನ್ನು ನಾನು ಮುಟ್ಟಲ್ಲ, ದೋಸೆ ಬೇಕಾದವರು ಹೋಟೆಲಿಗೆ ಹೋಗಿ ಎಂಬುದನ್ನೂ ಅದೇ ದನಿಯಲ್ಲಿ ಒಳಗಿನಿಂದ ತಿಳಿಸಿದರು.

ಜೂಜುವಾಡಿಯ ಎಲೆಕ್ಟ್ರಿಷಿಯನ್ ಸೆಲ್ವಂಗೆ ಫೋನ್ ಮಾಡಿದೆ. ಒಂದು ಕಿವಿಯಲ್ಲಿ ನಮ್ಮ ಮಾತು, ಇನ್ನೊಂದರಲ್ಲಿ ಫೋನು ಇಟ್ಟುಕೊಂಡೇ ಕೆಲಸ ಮಾಡುವವನು. ಬಂದವನೇ ಟೆಸ್ಟರ್ ತೆಗೆದು ಮೊದಲು ಅಡುಗೆಮನೆಯ ಪಾಯಿಂಟಿಗೆ ಇಟ್ಟ.

"ಅಲ್ಲಿ ಕರೆಂಟ್ ಸರಿಯಾಗಿದೆಯಪ್ಪಾ, ತೊಂದರೆ ಇರುವುದು ವರಾಂಡದಲ್ಲಿ" ಎಂದೆ.

"ಇದು ಸರಿಯಾಗಿರೋದಕ್ಕೇ ಇಲ್ಲಿ ಇಡೋದು ಸಾರ್. ಟೆಸ್ಟರ್ ಸತ್ತಿದ್ರೆ ಎಲ್ಲಾ ವೈರೂ ಸತ್ತಂಗೇ ಕಾಣ್ತದೆ."

ಆಮೇಲೆ ವರಾಂಡಕ್ಕೆ ಬಂದ. ಮೇನ್ ಆರಿಸಿ ಪ್ಲಗ್ ಬೋರ್ಡ್ ಬಿಚ್ಚಿದ. ಒಳಗೆ ಹಸಿರು ವೈರು. ಮೇಲಿನ ದಪ್ಪ ತೂತಿಗೆ ನೀಟಾಗಿ ತಿರುಪು ಹಾಕಿ ಬಿಗಿದಿತ್ತು. ಅಣ್ಣ ನನ್ನ ಬೆನ್ನು ತಟ್ಟಿದ. ನಾನು ಅವನ ಬೆನ್ನು ತಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮಾತ್ರ ಯಾರ ಬೆನ್ನನ್ನೂ ತಟ್ಟಲಿಲ್ಲ.

ಸೆಲ್ವಂ ಮತ್ತೆ ಕರೆಂಟ್ ಕೊಟ್ಟು, ಹೋಲ್ಡರಿನಲ್ಲಿದ್ದ ಬಲ್ಬಿನ ಒಂದು ವೈರನ್ನು ಕರೆಂಟ್ ಬರುವ ಫೇಸಿಗೆ, ಇನ್ನೊಂದನ್ನು ಆ ಅರ್ತಿಗೆ ಇಟ್ಟ. ಅರ್ತ್ ಇದ್ದರೆ ಬಲ್ಬ್ ಹತ್ತಬೇಕು. ಹತ್ತಲಿಲ್ಲ.

"ಎರ್ತ್ ವರ್ಲ ಸಾರ್, ಬರ್ತಾ ಇಲ್ಲ. ಹಿತ್ತಿಲ ಗುಂಡಿ ಒಣಗಿರ್ಬೇಕು." ಅರ್ತ್ ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ಯಿಸಿದ. ಬಲ್ಬ್ ಹತ್ತಲಿಲ್ಲ. ಅವನ ಊಹೆಯೂ ತಪ್ಪು. ಗೊಣಗುತ್ತಾ ಮೇನ್ ಆರಿಸಿ, ಏಣಿ ಹಾಕಿ, ಬಾಗಿಲ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಿದ. ಹಸಿರು ವೈರಿನ ಇನ್ನೊಂದು ತುದಿ ಅಲ್ಲಿತ್ತು. ಸುರುಳಿ ಸುತ್ತಿ, ಟೇಪ್ ಹಾಕಿ, ಯಾವುದಕ್ಕೂ ಸೇರದೆ, ಇಷ್ಟು ವರ್ಷವೂ ಅಲ್ಲೇ ಕೂತಿತ್ತು.

ವೈರು ಎಳೆದದ್ದು ನಿಜ. ನಮ್ಮ ನೆನಪು ನಿಜ. ಅರ್ತ್ ಮಾತ್ರ ಇರಲಿಲ್ಲ.

ನಾನು ಚರಿತ್ರೆ ಹೇಳುವವನು. ವಾಟ್ಸಾಪಿನಲ್ಲಿ ಯಾರಾದರೂ ಏನಾದರೂ ಕಳಿಸಿದರೆ ಆಧಾರ ಎಲ್ಲಿ ಎಂದು ಕೇಳಿ ಜಗಳ ಮಾಡುತ್ತೇನೆ, ನಿಮಗೂ ಗೊತ್ತು. ಆದರೆ ನನ್ನ ನೆನಪಿಗೆ ಎಂದೂ ಆಧಾರ ಕೇಳಿಲ್ಲ. ಅದು ಬರುವಾಗಲೇ ಬಣ್ಣ, ಬಿಸಿಲು, ಸುಣ್ಣವಿಲ್ಲದ ಗೋಡೆ ಎಲ್ಲವನ್ನೂ ತಂದುಬಿಡುತ್ತದೆ. ಇಷ್ಟೆಲ್ಲ ವಿವರ ಇದ್ದ ಮೇಲೆ ಸುಳ್ಳು ಹೇಗಾದೀತು? ಕೆಂಪಾದ ಅಂಗೈ ನನ್ನದೋ ಅಣ್ಣನದೋ ಎಂಬುದು ಈಗಲೂ ಇತ್ಯರ್ಥವಾಗಿಲ್ಲ. ಎಷ್ಟೋ ಊಟದ ಹೊತ್ತುಗಳಲ್ಲಿ ಅಣ್ಣ ಹೇಳಿದ್ದನ್ನು ಕೇಳಿ ಕೇಳಿ ನೆನಪಿನಲ್ಲಿ ನಾನೇ ಸ್ಟೂಲು ಹತ್ತಿರಬಹುದು. ನಾನು ಹೇಳಿದ್ದನ್ನು ಕೇಳಿ ಅವನೂ ಹತ್ತಿರಬಹುದು. ಸತ್ತ ಟೆಸ್ಟರ್ ಹಿಡಿದು ಮನೆಯೆಲ್ಲಾ ಸುತ್ತುವವನಿಗೆ ಎಲ್ಲ ಕಡೆಯೂ ಒಂದೇ ಉತ್ತರ ಸಿಗುತ್ತದೆ.

ಸೆಲ್ವಂ ಹಸಿರು ವೈರನ್ನೂ ಅಡುಗೆಮನೆಯ ಪಾಯಿಂಟನ್ನೂ ಮನೆಯ ಅರ್ತ್ ಲೈನಿಗೆ ಸೇರಿಸಿದ. ಈ ಸಲ ಬಲ್ಬ್ ಹತ್ತಿತು. ಕರೆಂಟ್ ಸೋರಿದರೆ ತಾನೇ ಆರುವ ಬ್ರೇಕರನ್ನು ಮೇನ್ ಬೋರ್ಡಿಗೆ ಕೂರಿಸಿದ. ಆಮೇಲೆ ಗ್ರೈಂಡರಿನ ಸ್ವಿಚ್ ಹಾಕಿದ ತಕ್ಷಣ ಟಪ್ ಎಂದು ಇಡೀ ಮನೆಯ ಕರೆಂಟು ಹೋಯಿತು.

"ಮತ್ತೇನಾಯ್ತು?" ಎಂದು ಅಣ್ಣ ಗಾಬರಿಯಾದ.

"ನಲ್ಲದು ಅಣ್ಣಾ, ಒಳ್ಳೇದೇ ಆಯ್ತು. ಮೋಟ್ರೊಳಗೆ ಲೀಕ್ ಐತೆ. ಯಾರನ್ನೂ ಹಿಡೀದೆ ಹೇಳ್ತು ನೋಡಿ."

ಮೋಟರು ಹೊಸೂರಿನ ರಿವೈಂಡಿಂಗ್ ಅಂಗಡಿಗೆ ಹೋಗಿ ಬಂತು. ಸೆಲ್ವಂ ಮತ್ತೆ ಬಂದು ಎಲ್ಲವನ್ನೂ ಪರೀಕ್ಷಿಸಿದ. ಈ ಸಲ ಗ್ರೈಂಡರ್ ತಿರುಗಿತು, ಬ್ರೇಕರ್ ಬೀಳಲಿಲ್ಲ. ಅಷ್ಟಾದ ಮೇಲೂ ಅತ್ತಿಗೆ ಬಾಗಿಲು ದಾಟಲಿಲ್ಲ. ನಮ್ಮಿಬ್ಬರ ಕಾಲು ನೋಡುತ್ತಾ ನಿಂತರು.

ಅಣ್ಣ ಚಪ್ಪಲಿ ಬಿಟ್ಟ. ನಾನೂ ಬಿಟ್ಟೆ. ಸಿಮೆಂಟು ನಿಜಕ್ಕೂ ಥಂಡಿಯಾಗಿತ್ತು. ತಿರುಗುತ್ತಿದ್ದ ಗ್ರೈಂಡರಿನ ಮೈ ಮೇಲೆ ಇಬ್ಬರೂ ಒಟ್ಟಿಗೆ ಕೈ ಇಟ್ಟೆವು. (ನೀವು ಹೀಗೆ ಮಾಡಬೇಡಿ. ಬಲ್ಬಿನ ಕೆಲಸ ಬಲ್ಬಿಗೇ ಇರಲಿ. ಇದು ಅರ್ತಿನ ಪರೀಕ್ಷೆಯಾಗಿರಲಿಲ್ಲ.)

"ಹೂಂ, ತಗೀರಿ ಕೈ" ಎಂದು ಅತ್ತಿಗೆ ಬೇಳೆ ಹಾಕಿದರು. ಮಣೆಯೂ ಈಗ ವರಾಂಡಕ್ಕೆ ಬಂದಿದೆ. ಅದರ ಮೇಲೆ ಕೂತು ಅಣ್ಣ ಈರುಳ್ಳಿ ಸುಲಿಯುತ್ತಾನೆ.

ಆವತ್ತಿನಿಂದ ಕ್ಲಾಸಿನಲ್ಲಾಗಲಿ ಈ ಅಂಕಣದಲ್ಲಾಗಲಿ "ನನಗೆ ಚೆನ್ನಾಗಿ ನೆನಪಿದೆ" ಎನ್ನಲು ಹೋದಾಗಲೆಲ್ಲ ಕಣ್ಣು ತಾನಾಗಿ ಕಾಲಿನ ಕಡೆ ಹೋಗುತ್ತದೆ. ನಿಮ್ಮನ್ನೂ ಒಂದು ಮಾತು ಕೇಳಲೇ? ನಿಮಗೆ ಖಾತ್ರಿ ಇರುವ ಸಂಗತಿಗಳಲ್ಲಿ ಚಪ್ಪಲಿ ಬಿಟ್ಟು ಮುಟ್ಟುವಂಥವು ಎಷ್ಟು?